ತಪ್ಪಿದವನೂ ತಪ್ಪಿಸಿದವನೂ

1905ರಲ್ಲಿ ತಂಜಾವೂರು ಸೀಮೆಯ ಪಂಡಿತರೊಬ್ಬರು ಮೈಸೂರಿನ ಓರಿಯಂಟಲ್ ಲೈಬ್ರರಿಗೆ ತಂದೊಪ್ಪಿಸಿದ ತಾಳೆಗರಿಯ ಕಟ್ಟೊಂದು ಭಾರತದ ರಾಜ್ಯಶಾಸ್ತ್ರದ ಚರಿತ್ರೆಗೆ ಹೊಸ ಬೆಳಕನ್ನು ನೀಡಿತೆಂಬುದು ಸುಪರಿಚಿತವಾದ ಸಂಗತಿ. ಗ್ರಂಥಪಾಲರಾಗಿದ್ದ ಆರ್. ಶಾಮಶಾಸ್ತ್ರಿಗಳು ಅದು ಕೌಟಿಲ್ಯನ ಅರ್ಥಶಾಸ್ತ್ರವೆಂದು ಗುರುತಿಸಿ, 1909ರಲ್ಲಿ ಮೂಲವನ್ನು ಅಚ್ಚು ಹಾಕಿಸಿ, 1915ರಲ್ಲಿ ಅದರ ಇಂಗ್ಲಿಷ್ ಅನುವಾದವನ್ನು ಹೊರತಂದರು. ಆ ಗ್ರಂಥವೆಂದೊಡನೆ ಗೂಢಚಾರರು, ದುರ್ಗಗಳು, ಸಂಧಿವಿಗ್ರಹಗಳು ಇವೇ ನಮ್ಮ ನೆನಪಿಗೆ ಬರುವುದು ವಾಡಿಕೆ. ಆದರೆ ಅದರ ಎರಡನೆಯ ಅಧಿಕರಣದಲ್ಲಿ ಶುಲ್ಕಾಧ್ಯಕ್ಷನನ್ನು, ಎಂದರೆ ಸುಂಕದ ಅಧಿಕಾರಿಯನ್ನು ಕುರಿತ ಒಂದು ಪ್ರಕರಣವಿದೆ. ತೆರಿಗೆ ಕೊಡುವ ವ್ಯಾಪಾರಿ ಎಲ್ಲಿ ತಪ್ಪಿದ, ಎಲ್ಲಿ ತಪ್ಪಿಸಿದ ಎಂಬ ಪ್ರಶ್ನೆ ನಮ್ಮ ದೇಶದ ಬರವಣಿಗೆಯಲ್ಲಿ ಇಷ್ಟು ವಿವರವಾಗಿ ಕಾಣಸಿಗುವ ಹಳೆಯ ಸ್ಥಳಗಳಲ್ಲಿ ಅದು ಒಂದು. ಗ್ರಂಥದ ಕಾಲದ ಬಗೆಗೆ ವಿದ್ವಾಂಸರಲ್ಲಿ ಏಕಾಭಿಪ್ರಾಯವಿಲ್ಲ. ನಮ್ಮ ಪ್ರಸ್ತುತಕ್ಕೆ ಅದರ ನಿರ್ಣಯ ಬೇಕಾಗಿಯೂ ಇಲ್ಲ.

ಪಟ್ಟಣದ ಹೆಬ್ಬಾಗಿಲ ಬಳಿ, ಪೂರ್ವಕ್ಕೋ ಉತ್ತರಕ್ಕೋ ಮುಖವಾಗಿ ಸುಂಕದ ಕಟ್ಟೆ; ಅದರ ಮುಂದೆ ಒಂದು ಧ್ವಜ. ಸರಕು ತಂದ ವರ್ತಕನ ಹೆಸರೇನು, ಎಲ್ಲಿಂದ ಬಂದ, ಸರಕು ಎಷ್ಟು, ಅದಕ್ಕೆ ಮುದ್ರೆ ಬಿದ್ದದ್ದು ಎಲ್ಲಿ ಎಂಬುದನ್ನು ನಾಲ್ಕೈದು ಮಂದಿ ಬರೆದುಕೊಳ್ಳಬೇಕು. ಬಳಿಕ ವರ್ತಕನು ಧ್ವಜದ ಬುಡದಲ್ಲಿ ನಿಂತು ತನ್ನ ಸರಕಿನ ಪ್ರಮಾಣವನ್ನೂ ಬೆಲೆಯನ್ನೂ ಸಾರಬೇಕು. ಎಂದರೆ ಇಂದಿನ ನಮ್ಮ ವರಮಾನದ ವಿವರಪತ್ರ ಅಂದು ಬಾಯಿಮಾತಿನಲ್ಲಿ, ಹತ್ತು ಜನರ ಎದುರಿನಲ್ಲಿ ಸಲ್ಲುತ್ತಿತ್ತು. ಹೀಗೆ ಸಾರುವಾಗ ಸುಂಕಕ್ಕೆ ಹೆದರಿ ಪ್ರಮಾಣವನ್ನೋ ಬೆಲೆಯನ್ನೋ ಇಳಿಸಿ ಹೇಳಿದರೆ ಹೆಚ್ಚಿನ ಭಾಗ ರಾಜನ ಪಾಲು, ಇಲ್ಲವೆ ಸುಂಕದ ಎಂಟು ಪಟ್ಟು ದಂಡ. ಸುಂಕ ಕೊಡದೆ ಧ್ವಜವನ್ನು ದಾಟಿದವನಿಗೂ ಎಂಟು ಪಟ್ಟು. ಬೆಲೆಬಾಳುವ ಸರಕಿನ ಮೇಲೆ ಅಗ್ಗದ ಸರಕನ್ನು ಹರಡಿ ಮರೆಮಾಚಿದವನಿಗೂ ಅಷ್ಟೇ. ಹೊರಗಿನಿಂದ ಬಂದ ಸರಕಿಗೆ ಸಾಮಾನ್ಯ ಸುಂಕ ಬೆಲೆಯ ಐದನೆಯ ಒಂದು ಭಾಗವೆಂದು ಮುಂದಿನ ಅಧ್ಯಾಯ ಹೇಳುತ್ತದೆ. ನೂರು ಪಣದ ಸರಕಿಗೆ ಇಪ್ಪತ್ತು ಪಣ ಸುಂಕವಾದರೆ ದಂಡ ನೂರರವತ್ತು ಪಣವಾಯಿತು. ಸರಕೂ ಹೋಗಿ ಮೇಲೆ ಸಾಲವೂ ಉಳಿಯಿತು.

ಇದು ಘೋರವೆನಿಸಬಹುದು. ಆದರೆ ಮುದ್ರೆಯ ವಿಷಯಕ್ಕೆ ಬಂದಾಗ ಅದೇ ಗ್ರಂಥಕಾರ ತಕ್ಕಡಿಯನ್ನು ಕೈಗೆತ್ತಿಕೊಳ್ಳುತ್ತಾನೆ. ಸರಕಿಗೆ ಮುದ್ರೆಯೇ ಇಲ್ಲದಿದ್ದರೆ ಸುಂಕದ ಎರಡು ಪಟ್ಟು ದಂಡ. ಮುದ್ರೆ ಖೋಟಾ ಆಗಿದ್ದರೆ ಎಂಟು ಪಟ್ಟು. ಮುದ್ರೆ ಒಡೆದುಹೋಗಿದ್ದರೆ ಹಣದ ದಂಡವಿಲ್ಲ; ವರ್ತಕನನ್ನು ‘ಘಟಿಕಾಸ್ಥಾನ’ದಲ್ಲಿ ನಿಲ್ಲಿಸಬೇಕು. ಈ ಶಬ್ದದ ಅರ್ಥದ ಬಗೆಗೆ ಚರ್ಚೆಯುಂಟು. ಹೇಗೆ ಅರ್ಥಮಾಡಿದರೂ ಅದು ತಡೆಯೇ ಹೊರತು ಸುಲಿಗೆಯಲ್ಲ. ಗಾಡಿಯ ಕುಲುಕಾಟದಲ್ಲಿ ಮುದ್ರೆ ಒಡೆಯಬಹುದು. ಮುದ್ರೆ ಹಾಕಿಸಿಕೊಳ್ಳುವುದನ್ನು ಅಲಸಿಕೆಯಿಂದ ಬಿಟ್ಟಿರಬಹುದು. ಆದರೆ ಖೋಟಾ ಮುದ್ರೆ ತಾನಾಗಿ ಹುಟ್ಟುವುದಿಲ್ಲ. ಮೂರು ಸ್ಥಿತಿಗಳಲ್ಲೂ ಬೊಕ್ಕಸಕ್ಕೆ ಆಗಬಹುದಾದ ನಷ್ಟ ಒಂದೇ. ದಂಡ ಮಾತ್ರ ಬೇರೆ ಬೇರೆ. ಏಕೆಂದರೆ ಇಲ್ಲಿ ಅಳೆಯುತ್ತಿರುವುದು ನಷ್ಟವನ್ನಲ್ಲ, ಮನಸ್ಸನ್ನು. ವರ್ತಕನ ಕಳ್ಳತನವನ್ನು ಮುಚ್ಚಿಟ್ಟ ಅಧ್ಯಕ್ಷನಿಗೂ ದಂಡವಿದೆಯೆಂಬುದನ್ನು ಇಲ್ಲಿಯೇ ಹೇಳಿಬಿಡಬೇಕು. ಈಚಿನ ಶಾಸನಗಳನ್ನು ಓದುವಾಗ ಆ ಭಾಗ ಅಷ್ಟು ಎದ್ದು ಕಾಣುವುದಿಲ್ಲ.

ನಮ್ಮ ಕನ್ನಡ ಶಾಸನಗಳಲ್ಲಿ ಸುಂಕ, ಪೆರ್ಜುಂಕ ಮುಂತಾದ ಶಬ್ದಗಳು ಹೇರಳವಾಗಿ ಬರುತ್ತವೆ. ಆದರೆ ಅವುಗಳಲ್ಲಿ ಬಹುಪಾಲು ದಾನದ ಶಾಸನಗಳಾದುದರಿಂದ ಯಾವ ಸುಂಕ ಯಾವ ದೇಗುಲಕ್ಕೆ ಸಲ್ಲಬೇಕು, ಯಾರಿಗೆ ಮಾನ್ಯ ಎಂಬುದನ್ನು ಹೇಳುತ್ತವೆಯೇ ಹೊರತು ವ್ಯಾಪಾರಿಯ ಮನಸ್ಸಿನ ವಿಚಾರಣೆಗೆ ತೊಡಗುವುದಿಲ್ಲ. ಆದಕಾರಣ ನೇರವಾಗಿ ಹತ್ತೊಂಬತ್ತನೆಯ ಶತಮಾನಕ್ಕೆ ಬರೋಣ.

1857ರ ದಂಗೆಯ ಸಾಲ ತೀರಿಸಲು 1860ರಲ್ಲಿ ಜೇಮ್ಸ್ ವಿಲ್ಸನ್ ವರಮಾನ ತೆರಿಗೆಯನ್ನು ಭಾರತಕ್ಕೆ ತಂದ. ಅದು ಬಂದು, ಹೋಗಿ, ಮತ್ತೆ ಬಂದು, 1922ರ ಶಾಸನದಲ್ಲಿ ನೆಲೆನಿಂತಿತು. ಮೈಸೂರು ಸಂಸ್ಥಾನಕ್ಕೆ ತನ್ನದೇ ಆದ ವರಮಾನ ತೆರಿಗೆಯ ಕಾನೂನಿತ್ತು. 1950ರ ಏಪ್ರಿಲ್ 1ರಿಂದ ಭಾರತದ ಶಾಸನ ಇಲ್ಲಿಗೂ ವ್ಯಾಪಿಸಿತು. ಆ 1922ರ ಶಾಸನದ 28ನೆಯ ಪ್ರಕರಣ ಎರಡು ಬಗೆಯ ಅಪರಾಧವನ್ನು ಹೆಸರಿಸಿತ್ತು: ವರಮಾನದ ವಿವರಗಳನ್ನು ಬಚ್ಚಿಡುವುದು ಒಂದು, ಉದ್ದೇಶಪೂರ್ವಕವಾಗಿ ತಪ್ಪು ವಿವರಗಳನ್ನು ಕೊಡುವುದು ಇನ್ನೊಂದು. ಈ ‘ಉದ್ದೇಶಪೂರ್ವಕವಾಗಿ’ ಎಂಬ ಒಂದು ಪದವನ್ನು ತಾವು ನೆನಪಿನಲ್ಲಿಟ್ಟುಕೊಳ್ಳಬೇಕು. ನಾನು ಹೇಳಲಿರುವ ಕಥೆಯ ನಾಯಕ ಆ ಪದವೇ.

ಅದಕ್ಕೆ ಮುಂಚೆ ಇನ್ನೊಂದು ಗಂಟನ್ನು ಬಿಚ್ಚಬೇಕಾಗಿದೆ. ತಪ್ಪು ಲೆಕ್ಕ ಬರೆದವನು ಗುಮಾಸ್ತ; ರುಜು ಹಾಕಿದವನು ಯಜಮಾನ; ತೆರಿಗೆ ಕೊಡಬೇಕಾದದ್ದು ಅಂಗಡಿ. ಇವರಲ್ಲಿ ಹೊಣೆಗಾರ ಯಾರು? ಪಾಲುದಾರಿಕೆಯ ಅಂಗಡಿಯಾದರೆ ಉತ್ತರ ಸುಲಭ: 1932ರ ಪಾಲುದಾರಿಕೆ ಶಾಸನದಂತೆ ಪ್ರತಿಯೊಬ್ಬ ಪಾಲುದಾರನೂ ಅಂಗಡಿಯ ಋಣಕ್ಕೆ ಒಟ್ಟಾಗಿಯೂ ಬಿಡಿಯಾಗಿಯೂ ಬಾಧ್ಯ. ಕಂಪೆನಿಯಾದರೆ ಹಾಗಲ್ಲ. 1896ರಲ್ಲಿ ಇಂಗ್ಲೆಂಡಿನ ಪ್ರಭುಸಭೆ ಬೂಟು ತಯಾರಿಸುವ ಸಾಲೊಮನ್ ಎಂಬಾತನ ಮೊಕದ್ದಮೆಯಲ್ಲಿ, ಕಂಪೆನಿ ಬೇರೆ, ಅದರ ಒಡೆಯ ಬೇರೆ, ಇಬ್ಬರೂ ಬೇರೆ ಬೇರೆ ವ್ಯಕ್ತಿಗಳು ಎಂದು ತೀರ್ಮಾನ ಮಾಡಿತ್ತು. ವ್ಯಾಪಾರದ ಸಾಹಸಕ್ಕೆ ಈ ತತ್ತ್ವ ದೊಡ್ಡ ಆಸರೆ. ಕೈ ಸುಟ್ಟುಕೊಂಡವನ ಮನೆ ಮಠಗಳು ಹರಾಜಿಗೆ ಬೀಳದೆ ಉಳಿಯುತ್ತವೆ. ಆದರೆ ಕೊಡೆ ಮಳೆಗೂ ಆಗುತ್ತದೆ, ಮುಖ ಮರೆಸಿಕೊಳ್ಳುವುದಕ್ಕೂ ಆಗುತ್ತದೆ. ಮುಂಬಯಿಯಲ್ಲಿ ಸರ್ ದಿನ್‌ಷಾ ಮಾಣೇಕ್‌ಜಿ ಪೆಟಿಟ್ ಅವರು ನಾಲ್ಕು ಖಾಸಗಿ ಕಂಪೆನಿಗಳನ್ನು ಸ್ಥಾಪಿಸಿ ತಮ್ಮ ಷೇರುಗಳನ್ನು ಅವಕ್ಕೆ ವರ್ಗಾಯಿಸಿದರು. ಕಂಪೆನಿಗೆ ಬಂದ ಲಾಭಾಂಶವನ್ನು ಸಾಲವೆಂಬ ಹೆಸರಿನಲ್ಲಿ ತಾವೇ ಪಡೆದರು. 1927ರಲ್ಲಿ ಮುಂಬಯಿ ಉಚ್ಚ ನ್ಯಾಯಾಲಯ ಈ ಕಂಪೆನಿಗಳು ಅವರದೇ ಇನ್ನೊಂದು ಹೆಸರೆಂದು ಹೇಳಿ ತೆರೆ ಸರಿಸಿತು. ಅಂದಿನಿಂದ ಭಾರತದಲ್ಲಿ ಕಂಪೆನಿಯ ತೆರೆ ತೆರಿಗೆಯ ಮಟ್ಟಿಗೆ ಅಭೇದ್ಯವಾಗಿ ಉಳಿಯಲಿಲ್ಲ.

ಸ್ವಾತಂತ್ರ್ಯ ಬಂದ ಮೇಲೆ ಯೋಜನೆಗಳಿಗೆ ಹಣ ಬೇಕಾಯಿತು. ತೆರಿಗೆಯ ದರ ಏರಿತು. ದರದೊಂದಿಗೆ ಕಳ್ಳಲೆಕ್ಕವೂ ಏರಿತು. 1961ರಲ್ಲಿ ಹೊಸ ವರಮಾನ ತೆರಿಗೆ ಶಾಸನ ಬಂದಾಗ ಹಳೆಯ 28ನೆಯ ಪ್ರಕರಣ 271ನೆಯದಾಗಿ ಮುಂದುವರಿಯಿತು. ನಮ್ಮ ಕಥಾನಾಯಕನಾದ ಪದವೂ ಜೊತೆಯಲ್ಲಿಯೇ ಬಂದಿತು. ಬಚ್ಚಿಟ್ಟವನಿಗೆ ದಂಡ ತಪ್ಪಿಸಿದ ತೆರಿಗೆಯ ಶೇಕಡಾ 20ಕ್ಕೆ ಕಡಮೆಯಿಲ್ಲದೆ, ಒಂದೂವರೆ ಪಟ್ಟನ್ನು ಮೀರದೆ ಇರಬೇಕಾಗಿತ್ತು. ಆದರೆ ಇಲಾಖೆಯ ಗೋಳು ಬೇರೆ. ಉದ್ದೇಶ ಎಂಬುದು ಕಿರ್ದಿ ಪುಸ್ತಕದಲ್ಲಿ ಬರೆದಿಡುವ ವಸ್ತುವಲ್ಲ. ಅಧಿಕಾರಿ ಅದನ್ನು ರುಜುವಾತು ಮಾಡುವುದೆಂತು? ಈ ದೂರಿನಲ್ಲಿ ಸತ್ಯಾಂಶವಿತ್ತು. 1964ರ ಹಣಕಾಸು ಶಾಸನ ಈ ಕಷ್ಟಕ್ಕೆ ಕಂಡುಕೊಂಡ ಪರಿಹಾರ ಅತಿ ಸರಳ: ಆ ಪದವನ್ನೇ ಕಿತ್ತುಹಾಕಿತು. ಅದರ ಜಾಗದಲ್ಲಿ ಒಂದು ವಿವರಣೆಯನ್ನು ಇಟ್ಟಿತು. ವ್ಯಾಪಾರಿ ತೋರಿಸಿದ ವರಮಾನ ಇಲಾಖೆ ಗೊತ್ತುಮಾಡಿದ ವರಮಾನದ ಶೇಕಡಾ 80ಕ್ಕಿಂತ ಕಡಮೆಯಾಗಿದ್ದರೆ ಅವನು ಬಚ್ಚಿಟ್ಟನೆಂದೇ ಭಾವಿಸತಕ್ಕದ್ದು. ಮೋಸವಾಗಲಿ ಘೋರವಾದ ಅಲಕ್ಷ್ಯವಾಗಲಿ ಇರಲಿಲ್ಲವೆಂದು ತೋರಿಸುವ ಭಾರ ಅವನದೇ. ತಕ್ಕಡಿಯ ಕಲ್ಲು ಒಂದು ತಟ್ಟೆಯಿಂದ ಇನ್ನೊಂದಕ್ಕೆ ಹಾರಿತು.

ಇದಕ್ಕಿಂತ ಕಠೋರವಾದುದು 1968ರ ತಿದ್ದುಪಡಿ. ಇಲ್ಲಿ ಸ್ವಲ್ಪ ಲೆಕ್ಕ ಹಾಕಬೇಕು. ಬಾನುಲಿಯಲ್ಲಿ ಅಂಕಿಗಳು ಕಿವಿಗೆ ಹಿತವಲ್ಲವಾದರೂ ಈ ಲೆಕ್ಕವನ್ನು ಬಿಡುವಂತಿಲ್ಲ. ಅದುವರೆಗೆ ದಂಡವನ್ನು ತಪ್ಪಿಸಿದ ತೆರಿಗೆಯ ಮೇಲೆ ಎಣಿಸುತ್ತಿದ್ದರು. 1968ರ ಏಪ್ರಿಲ್ 1ರಿಂದ ಬಚ್ಚಿಟ್ಟ ವರಮಾನದ ಮೇಲೆಯೇ ಎಣಿಸತೊಡಗಿದರು: ಕನಿಷ್ಠ ದಂಡ ಆ ವರಮಾನದಷ್ಟು, ಗರಿಷ್ಠ ಅದರ ಎರಡರಷ್ಟು. ಒಬ್ಬ ಸಣ್ಣ ವ್ಯಾಪಾರಿ ಹತ್ತು ಸಾವಿರ ರೂಪಾಯಿಯನ್ನು ಬಿಟ್ಟು ಲೆಕ್ಕ ತೋರಿಸಿದನೆನ್ನೋಣ. ಅವನ ದರ ಶೇಕಡಾ 30 ಎನ್ನೋಣ. ತಪ್ಪಿದ ತೆರಿಗೆ ಮೂರು ಸಾವಿರ, ದಂಡ ಕನಿಷ್ಠ ಹತ್ತು ಸಾವಿರ. ಎಂದರೆ ತೆರಿಗೆಯ ಮೂರು ಪಟ್ಟಿಗೂ ಮಿಗಿಲು. ಶೇಕಡಾ 90ರ ದರದಲ್ಲಿರುವ ಸಿರಿವಂತ ಅದೇ ಹತ್ತು ಸಾವಿರವನ್ನು ಬಚ್ಚಿಟ್ಟರೆ ತಪ್ಪಿದ ತೆರಿಗೆ ಒಂಬತ್ತು ಸಾವಿರ, ದಂಡ ಅದೇ ಹತ್ತು ಸಾವಿರ. ತೆರಿಗೆಗಿಂತ ಸಾವಿರವಷ್ಟೇ ಹೆಚ್ಚು. ದೊಡ್ಡ ತಿಮಿಂಗಿಲವನ್ನು ಹಿಡಿಯಲೆಂದು ಹೆಣೆದ ಬಲೆ ಸಣ್ಣ ಮೀನಿನ ಕೊರಳಿಗೇ ಬಿಗಿಯಾಯಿತು. ಅಪರಾಧ ನಡೆದದ್ದು ತಪ್ಪು ವಿವರಪತ್ರ ಸಲ್ಲಿಸಿದ ದಿನ, ವರಮಾನ ಬಂದ ವರ್ಷವಲ್ಲ ಎಂಬ ನ್ಯಾಯದಂತೆ, 1964-65ನೆಯ ಸಾಲಿನ ವಿವರಪತ್ರವನ್ನು ತಡವಾಗಿ 1968ರ ಏಪ್ರಿಲ್‌ನಲ್ಲಿ ಸಲ್ಲಿಸಿದವರೊಬ್ಬರಿಗೂ ಹೊಸ ದಂಡವೇ ಸಲ್ಲುವುದೆಂದು 1979ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿತು. ಕಾನೂನಿನ ದೃಷ್ಟಿಯಿಂದ ಆ ತೀರ್ಪು ಸರಿಯೇ; ತಪ್ಪು ಶಾಸನದ ಅಳತೆಗೋಲಿನದು.

ಸಂಸತ್ತು ಹೀಗೆ ಒಂದು ದಿಕ್ಕಿಗೆ ನಡೆಯುತ್ತಿದ್ದಾಗ ನ್ಯಾಯಾಲಯ ಇನ್ನೊಂದು ದಿಕ್ಕಿನಿಂದ ಬಂದಿತು. ಅದಕ್ಕೆ ಕಾರಣವಾದದ್ದು ಕೇಂದ್ರ ಸರ್ಕಾರದ್ದೇ ಆದ ಒಂದು ಕಂಪೆನಿ. ಒರಿಸ್ಸಾದ ರೂರ್ಕೆಲಾದಲ್ಲಿ ಉಕ್ಕಿನ ಕಾರ್ಖಾನೆಯನ್ನು ಕಟ್ಟುತ್ತಿದ್ದ ಹಿಂದೂಸ್ಥಾನ್ ಸ್ಟೀಲ್ ಸಂಸ್ಥೆ ತನ್ನ ಕಂಟ್ರಾಕ್ಟರುಗಳಿಗೆ ಕಟ್ಟಡದ ಸಾಮಗ್ರಿಗಳನ್ನು ಒದಗಿಸಿ, ಅದರ ಬೆಲೆಯನ್ನು ಅವರ ಲೆಕ್ಕದಲ್ಲಿ ವಜಾ ಹಾಕಿಕೊಳ್ಳುತ್ತಿತ್ತು. ಇದು ಮಾರಾಟ, ನೀನು ವ್ಯಾಪಾರಿ, ಮಾರಾಟ ತೆರಿಗೆಯ ಕಾನೂನಿನಂತೆ ನೋಂದಣಿ ಮಾಡಿಸಲಿಲ್ಲವೇಕೆ ಎಂದು ರಾಜ್ಯದ ಅಧಿಕಾರಿಗಳು ತೆರಿಗೆಯ ಮೇಲೆ ದಂಡವನ್ನೂ ಹೇರಿದರು. ಕೇಂದ್ರದ ಕಂಪೆನಿಯನ್ನು ರಾಜ್ಯ ಸರ್ಕಾರ ತೆರಿಗೆಗಳ್ಳರ ಸಾಲಿನಲ್ಲಿ ನಿಲ್ಲಿಸಿದ ಈ ಪ್ರಸಂಗದಲ್ಲಿ ಒಂದಿಷ್ಟು ವಿನೋದವಿದೆ. ಕದ್ದ ಹಣವನ್ನು ಜೇಬಿಗೆ ಹಾಕಿಕೊಳ್ಳಲು ಅಲ್ಲಿ ಜೇಬುಳ್ಳವರು ಯಾರೂ ಇರಲಿಲ್ಲ. ಪ್ರಾಯಶಃ ಅದರಿಂದಲೇ ತತ್ತ್ವ ನಿಚ್ಚಳವಾಗಿ ಕಂಡಿತು.

1969ರ ಆಗಸ್ಟ್‌ನಲ್ಲಿ ನ್ಯಾಯಮೂರ್ತಿ ಜೆ. ಸಿ. ಷಾ ಅವರು ಬರೆದ ತೀರ್ಪು ಇಂದಿಗೂ ತೆರಿಗೆಯ ವಕೀಲರ ಬಾಯಲ್ಲಿದೆ. ಅದರ ಸಾರವಿಷ್ಟು. ದಂಡ ವಿಧಿಸುವುದು ಅರೆ ಕ್ರಿಮಿನಲ್ ಸ್ವರೂಪದ ಕಾರ್ಯ. ಕಾನೂನನ್ನು ಬೇಕೆಂದೇ ಧಿಕ್ಕರಿಸಿದವನಿಗೆ, ಅಪ್ರಾಮಾಣಿಕನಾಗಿ ನಡೆದವನಿಗೆ, ತನ್ನ ಹೊಣೆಯನ್ನು ಬಲ್ಲವನಾಗಿಯೂ ತಳ್ಳಿಹಾಕಿದವನಿಗೆ ಅದು ಸಲ್ಲುತ್ತದೆ. ದಂಡ ಹಾಕುವ ಅಧಿಕಾರವಿದೆ ಎಂಬ ಮಾತ್ರಕ್ಕೆ ದಂಡ ಹಾಕತಕ್ಕದ್ದಲ್ಲ. ಅದು ವಿವೇಚನೆಯ ವಿಷಯ. ಶಾಸನ ಕನಿಷ್ಠ ದಂಡವನ್ನು ಗೊತ್ತುಮಾಡಿದ್ದರೂ, ತಪ್ಪು ಕೇವಲ ತಾಂತ್ರಿಕವಾದುದಾಗಿದ್ದರೆ ಅಥವಾ ತಾನು ಬಾಧ್ಯನಲ್ಲವೆಂಬ ಪ್ರಾಮಾಣಿಕ ನಂಬಿಕೆಯಿಂದ ಹುಟ್ಟಿದ್ದರೆ ದಂಡವನ್ನು ಬಿಡಬಹುದು. ತಾನು ವ್ಯಾಪಾರಿಯಲ್ಲವೆಂದು ಕಂಪೆನಿ ಪ್ರಾಮಾಣಿಕವಾಗಿ ನಂಬಿತ್ತಾದ್ದರಿಂದ ದಂಡ ನಿಲ್ಲಲಾರದೆಂದಾಯಿತು. ಮರುವರ್ಷ, 1970ರಲ್ಲಿ, 1922ರ ಶಾಸನದ ಒಂದು ಮೊಕದ್ದಮೆಯಲ್ಲಿ ಅದೇ ನ್ಯಾಯಾಲಯ ಇನ್ನೊಂದು ಹೆಜ್ಜೆ ಇಟ್ಟಿತು: ವ್ಯಾಪಾರಿ ಕೊಟ್ಟ ವಿವರಣೆ ಸುಳ್ಳೆಂದು ಕಂಡರೂ, ಅಷ್ಟರಿಂದಲೇ ಅವನು ವರಮಾನ ಬಚ್ಚಿಟ್ಟನೆಂದು ಸಿದ್ಧವಾಗುವುದಿಲ್ಲ, ತೆರಿಗೆ ಗೊತ್ತುಮಾಡುವುದಕ್ಕೆ ಸಾಕಾಗುವ ಸಾಕ್ಷ್ಯ ದಂಡಕ್ಕೆ ಸಾಲದು.

ಇವೇ ದಿನಗಳಲ್ಲಿ ನಿವೃತ್ತ ಮುಖ್ಯ ನ್ಯಾಯಾಧೀಶ ಕೆ. ಎನ್. ವಾಂಛೂ ಅವರ ಸಮಿತಿ ಕಪ್ಪುಹಣದ ಪ್ರಶ್ನೆಯನ್ನು ಪರಿಶೀಲಿಸುತ್ತಿತ್ತು. 1971ರ ಡಿಸೆಂಬರಿನಲ್ಲಿ ಅದು ಸಲ್ಲಿಸಿದ ಅಂತಿಮ ವರದಿ, 1968-69ರಲ್ಲಿ ತೆರಿಗೆ ತಪ್ಪಿಸಿಕೊಂಡ ವರಮಾನ ಸುಮಾರು 1,400 ಕೋಟಿ ರೂಪಾಯಿ ಎಂದು ಅಂದಾಜು ಮಾಡಿತು. ವೈಯಕ್ತಿಕ ವರಮಾನದ ಮೇಲಿನ ಗರಿಷ್ಠ ದರ ಆಗ ಶೇಕಡಾ 97.75. ಮೇಲಿನ ಮಟ್ಟದಲ್ಲಿ ನೂರು ರೂಪಾಯಿ ಗಳಿಸಿದವನ ಕೈಯಲ್ಲಿ ಉಳಿಯುತ್ತಿದ್ದದ್ದು ಎರಡೂಕಾಲು ರೂಪಾಯಿ. ಸಮಿತಿಯ ದೃಷ್ಟಿಯಲ್ಲಿ ತಪ್ಪಿಸುವಿಕೆಗೆ ಮೊದಲ ಕಾರಣವೇ ಈ ದರ. ಅದನ್ನು ಶೇಕಡಾ 75ಕ್ಕೆ ಇಳಿಸಬೇಕೆಂದು ಅದು ಸಲಹೆಯಿತ್ತಿತು. ದರಗಳು ಮುಂದೆ ಹಂತಹಂತವಾಗಿ ಇಳಿದವು. 1976-77ರ ವೇಳೆಗೆ ಗರಿಷ್ಠ ದರ ಶೇಕಡಾ 66ಕ್ಕೆ ಬಂದಿತು. ಕಳ್ಳನನ್ನು ಹಿಡಿಯುವುದರ ಜೊತೆಗೆ ಕಳ್ಳತನದ ಲಾಭವನ್ನು ತಗ್ಗಿಸುವುದೂ ಒಂದು ನ್ಯಾಯವೇ ಎಂಬ ತಿಳಿವಳಿಕೆ ನಮ್ಮ ಆಡಳಿತಕ್ಕೆ ಬರಲು ಇಷ್ಟು ಕಾಲ ಹಿಡಿಯಿತು.

1975ರ ತಿದ್ದುಪಡಿ ಶಾಸನ ಈ ಚರಿತ್ರೆಯ ದೊಡ್ಡ ತಿರುವು. ದಂಡದ ಅಳತೆ ವರಮಾನದಿಂದ ಮತ್ತೆ ತೆರಿಗೆಗೆ ಮರಳಿತು: ತಪ್ಪಿಸಲೆಳಸಿದ ತೆರಿಗೆಯ ಒಂದರಿಂದ ಎರಡು ಪಟ್ಟು. ತಾನಾಗಿ ಬಂದು ಪೂರ್ಣ ಸತ್ಯವನ್ನು ಹೇಳಿದವನ ದಂಡವನ್ನು ಮನ್ನಾ ಮಾಡುವ ಅಧಿಕಾರವನ್ನು ಆಯುಕ್ತರಿಗೆ ಕೊಟ್ಟಿತು. ಜೊತೆಗೆ ಬೇಕೆಂದೇ ತೆರಿಗೆ ತಪ್ಪಿಸುವ ಪ್ರಯತ್ನಕ್ಕೆ ಸೆರೆವಾಸವನ್ನೂ ಬಿಗಿಗೊಳಿಸಿತು. ಕಂಪೆನಿಯ ಅಪರಾಧಕ್ಕೆ ಆ ಕಾಲದಲ್ಲಿ ಅದರ ವ್ಯವಹಾರದ ಹೊಣೆ ಹೊತ್ತಿದ್ದವರೂ ಅಪರಾಧಿಗಳೇ ಎಂಬ ನಿಯಮ ಬಂದಿತು. ತನಗೆ ಅರಿವಿಲ್ಲದೆ ನಡೆಯಿತೆಂದೋ, ತಡೆಯಲು ತಕ್ಕ ಎಚ್ಚರಿಕೆ ವಹಿಸಿದ್ದೆನೆಂದೋ ತೋರಿಸಿದವನಿಗೆ ಬಿಡುಗಡೆ. ಖಾಸಗಿ ಕಂಪೆನಿಯ ತೆರಿಗೆ ಬಾಕಿ ಕಂಪೆನಿಯಿಂದ ವಸೂಲಾಗದಿದ್ದರೆ ನಿರ್ದೇಶಕರು ಸ್ವಂತ ಆಸ್ತಿಯಿಂದ ತೆರಬೇಕೆಂಬ 179ನೆಯ ಪ್ರಕರಣವೂ ಆಗಲೇ ವಿಸ್ತಾರಗೊಂಡಿತು. ಮೊದಲು ಅದು ಮುಚ್ಚಿಹೋಗುತ್ತಿರುವ ಕಂಪೆನಿಗಳಿಗಷ್ಟೇ ಅನ್ವಯಿಸುತ್ತಿತ್ತು. ಇಲ್ಲಿಯೂ ಒಂದು ಕಿಂಡಿಯುಂಟು: ವಸೂಲಾಗದಿರುವುದಕ್ಕೆ ತನ್ನ ಘೋರ ಅಲಕ್ಷ್ಯವಾಗಲಿ, ದುರ್ವರ್ತನೆಯಾಗಲಿ, ಕರ್ತವ್ಯಚ್ಯುತಿಯಾಗಲಿ ಕಾರಣವಲ್ಲವೆಂದು ನಿರ್ದೇಶಕ ರುಜುವಾತು ಮಾಡಿದರೆ ಅವನ ಮನೆಗೆ ಜಪ್ತಿ ಬರುವುದಿಲ್ಲ. ಕಿಂಡಿ ಕಿರಿದೆಂಬುದು ನಿಜ. ತನ್ನ ಪಾಲಿಗೆ ಬಂದ ಕಾಗದಗಳಿಗೆ ಓದದೆ ರುಜು ಹಾಕಿದ ಸಂಭಾವಿತ ಸೋದರಳಿಯನೋ, ಕುಟುಂಬದ ಹಿರಿಯ ಹೆಂಗಸೋ ನಿರ್ದೇಶಕರ ಪಟ್ಟಿಯಲ್ಲಿರುವುದು ನಮ್ಮಲ್ಲಿ ಅಪರೂಪವಲ್ಲ. ಅಂಥವರ ಅಜ್ಞಾನ ಅಲಕ್ಷ್ಯವೋ ಅಮಾಯಕತೆಯೋ ಎಂಬುದನ್ನು ಶಾಸನದ ಅಕ್ಷರ ಹೇಳಲಾರದು. ಒಂದೊಂದು ಮನೆಯ ಕಥೆಯನ್ನೂ ಕೇಳಿಯೇ ತೀರ್ಮಾನಿಸಬೇಕು.

1981ರಲ್ಲಿ ಕೇರಳದಿಂದ ಬಂದ ಒಂದು ಮೊಕದ್ದಮೆ ವ್ಯಾಪಾರದ್ದಲ್ಲದಿದ್ದರೂ ನಮ್ಮ ವಿಷಯಕ್ಕೆ ಹತ್ತಿರವಾದುದು. 1958ರಲ್ಲಿ 16,500 ರೂಪಾಯಿಗೆ ಕೊಂಡ ಮನೆಯನ್ನು ಒಬ್ಬ ಗೃಹಸ್ಥರು 1965ರಲ್ಲಿ ಅದೇ ಬೆಲೆಗೆ ತಮ್ಮ ಸೊಸೆಗೂ ಐವರು ಮಕ್ಕಳಿಗೂ ಮಾರಿದರು. ಮಾರುಕಟ್ಟೆಯ ಬೆಲೆ 65,000. ಆದ್ದರಿಂದ ಉಳಿದ 48,500 ರೂಪಾಯಿ ಲಾಭವೆಂದು ತೆರಿಗೆ ಕೊಡಿ ಎಂದಿತು ಇಲಾಖೆ. ಕಾನೂನಿನ ಅಕ್ಷರ ಇಲಾಖೆಯ ಪರವಾಗಿಯೇ ಇತ್ತು. ಆದರೆ ನ್ಯಾಯಮೂರ್ತಿ ಪಿ. ಎನ್. ಭಗವತಿಯವರು, ಬೆಲೆಯನ್ನು ಇಳಿಸಿ ತೋರಿಸಿದವನಿಗೆಂದು ಮಾಡಿದ ನಿಯಮವನ್ನು ಬಂದ ಬೆಲೆಯನ್ನು ಬಂದಂತೆಯೇ ತೋರಿಸಿದವನ ಮೇಲೆ ಪ್ರಯೋಗಿಸಲಾಗದೆಂದೂ, ಇಳಿಸಿ ತೋರಿಸಿದ್ದಾನೆಂದು ಸಿದ್ಧಪಡಿಸುವ ಭಾರ ಸರ್ಕಾರದ್ದೆಂದೂ ಹೇಳಿದರು. ಧ್ವಜದ ಬುಡದಲ್ಲಿ ನಿಂತು ನಿಜವನ್ನೇ ಸಾರಿದವನನ್ನು ನೆನೆಯದೆ ಈ ತೀರ್ಪನ್ನು ಓದುವುದು ಕಷ್ಟ.

ಅಲ್ಲಿಂದೀಚಿನ ಕಥೆ ಏರಿಳಿತದ್ದು. 2007ರಲ್ಲಿ ಸರ್ವೋಚ್ಚ ನ್ಯಾಯಾಲಯದ ಒಂದು ಪೀಠ ದಂಡಕ್ಕೆ ದುರುದ್ದೇಶ ಅಗತ್ಯವೆಂದಿತು. 2008ರಲ್ಲಿ ಮೂವರು ನ್ಯಾಯಮೂರ್ತಿಗಳ ದೊಡ್ಡ ಪೀಠ ಅದನ್ನು ತಳ್ಳಿಹಾಕಿ, ಈ ದಂಡ ಸಿವಿಲ್ ಹೊಣೆ, ಇದಕ್ಕೆ ಉದ್ದೇಶದ ರುಜುವಾತು ಬೇಕಿಲ್ಲವೆಂದಿತು. ಹಾಗೆಂದ ಮಾತ್ರಕ್ಕೆ ದಂಡ ತಾನೇ ತಾನಾಗಿ ಬೀಳುವುದಿಲ್ಲವೆಂದು 2009ರಲ್ಲಿ ಸ್ಪಷ್ಟೀಕರಣ ಬಂತು. ಒಪ್ಪಿತವಾಗದ ಒಂದು ವಿನಾಯಿತಿಯನ್ನು ಕೇಳಿದ್ದೇ ತಪ್ಪು ವಿವರ ಕೊಟ್ಟಂತಾಗುವುದಿಲ್ಲವೆಂದು 2010ರಲ್ಲಿ ಇನ್ನೊಂದು ತೀರ್ಪು. 1964ರಲ್ಲಿ ಬಾಗಿಲಿನಿಂದ ಹೊರಹಾಕಿದ ಪದ ಕಿಟಕಿಯಿಂದ ಮತ್ತೆ ಮತ್ತೆ ಒಳಗೆ ಇಣುಕುತ್ತಲೇ ಇತ್ತು. 2012ರ ಪ್ರಸಂಗವಂತೂ ಸ್ವಾರಸ್ಯಕರ. ಪ್ರಖ್ಯಾತ ಲೆಕ್ಕ ಪರಿಶೋಧಕ ಸಂಸ್ಥೆಯೊಂದು, ಊರಿಗೆಲ್ಲ ಲೆಕ್ಕ ತಿದ್ದುವ ಸಂಸ್ಥೆ, ತನ್ನದೇ ವಿವರಪತ್ರದಲ್ಲಿ ಗ್ರಾಚ್ಯುಯಿಟಿಗೆಂದು ತೆಗೆದಿರಿಸಿದ 23,70,306 ರೂಪಾಯಿಯನ್ನು ಸಲ್ಲದ ವೆಚ್ಚವೆಂದು ಸೇರಿಸಿಕೊಳ್ಳಲು ಮರೆಯಿತು. ಆದರೆ ಅದರ ಜೊತೆಯಲ್ಲಿಯೇ ಲಗತ್ತಿಸಿದ ಪರಿಶೋಧನಾ ವರದಿಯಲ್ಲಿ ಆ ಮೊತ್ತ ಸಲ್ಲದೆಂದು ಬರೆದೇ ಇತ್ತು. ಬಚ್ಚಿಡಬೇಕೆಂದವನು ಸಾಕ್ಷಿಯನ್ನು ತಾನೇ ಕೈಗಿಡುತ್ತಾನೆಯೇ? ಇದು ಮನುಷ್ಯಸಹಜವಾದ ಕೈತಪ್ಪು, ಎಂಥ ನಿಪುಣನಿಗೂ ತಪ್ಪಿದ್ದಲ್ಲ ಎಂದು ನ್ಯಾಯಾಲಯ ದಂಡವನ್ನು ರದ್ದುಮಾಡಿತು. ಅಂಥವರಿಗೆ ಸಿಕ್ಕಿದ ಈ ಕ್ಷಮೆ ಹಳ್ಳಿಯ ಕಿರಾಣಿ ಅಂಗಡಿಯವನಿಗೆ ಇನ್ನೂ ಹೆಚ್ಚಾಗಿ ಸಲ್ಲಬೇಕಲ್ಲವೇ? ಅವನಿಗೆ ದಿಲ್ಲಿಯವರೆಗೆ ಹೋಗುವ ತಾಕತ್ತಿಲ್ಲವೆಂಬುದೇ ತೊಡಕು.

2016ರ ಹಣಕಾಸು ಶಾಸನ 271ನೆಯ ಪ್ರಕರಣದ ಈ ಭಾಗಕ್ಕೆ ಬದಲಾಗಿ 2017ರ ಏಪ್ರಿಲ್ 1ರಿಂದ ಹೊಸ ಏರ್ಪಾಟನ್ನು ತಂದಿತು. ವರಮಾನವನ್ನು ಕಡಮೆಯಾಗಿ ತೋರಿಸಿದರೆ ತೆರಿಗೆಯ ಶೇಕಡಾ 50 ದಂಡ. ಸುಳ್ಳು ದಾಖಲೆ, ಪುಸ್ತಕದಲ್ಲಿ ಬರೆಯದ ವ್ಯವಹಾರ ಮುಂತಾದುವುಗಳಿಂದ ತಿರುಚಿ ತೋರಿಸಿದರೆ ಶೇಕಡಾ 200. ಎಲ್ಲ ಸಂಗತಿಗಳನ್ನೂ ಹೇಳಿ ಪ್ರಾಮಾಣಿಕ ವಿವರಣೆ ಕೊಟ್ಟ ಮೊತ್ತಕ್ಕೆ ದಂಡವೇ ಇಲ್ಲ. 2017ರಲ್ಲಿ ಬಂದ ಸರಕು ಮತ್ತು ಸೇವಾ ತೆರಿಗೆಯ ಶಾಸನವೂ ಇದೇ ಹಾದಿಯದು: ಮೋಸವಿಲ್ಲದ ತಪ್ಪಿಗೆ ತೆರಿಗೆಯ ಹತ್ತನೆಯ ಒಂದು ಭಾಗ ಅಥವಾ ಹತ್ತು ಸಾವಿರ ರೂಪಾಯಿ, ಇವುಗಳಲ್ಲಿ ಹೆಚ್ಚಿನದು, ಮೋಸಕ್ಕೆ ತೆರಿಗೆಯಷ್ಟೇ ದಂಡ. ಒಡೆದ ಮುದ್ರೆ, ಇಲ್ಲದ ಮುದ್ರೆ, ಖೋಟಾ ಮುದ್ರೆ ಎಂಬ ಹಳೆಯ ಮೂರು ಮೆಟ್ಟಿಲುಗಳೇ ಇಲ್ಲಿ ಹೊಸ ಹೆಸರಿನಲ್ಲಿ ಕಾಣಿಸಿಕೊಂಡಿವೆಯೆಂದು ನನಗನ್ನಿಸುತ್ತದೆ.

ಮೆಟ್ಟಿಲುಗಳಿದ್ದರೂ ಯಾರನ್ನು ಯಾವ ಮೆಟ್ಟಿಲ ಮೇಲೆ ನಿಲ್ಲಿಸಬೇಕೆಂಬುದನ್ನು ಗೊತ್ತುಮಾಡುವವನು ಅಧಿಕಾರಿಯೇ. ಈ ವಿಷಯದಲ್ಲಿ ನಮ್ಮ ಕರ್ನಾಟಕದ ಉಚ್ಚ ನ್ಯಾಯಾಲಯ 2012ರ ಡಿಸೆಂಬರಿನಲ್ಲಿ, ಒಂದು ಹತ್ತಿ ಜಿನ್ನಿಂಗ್ ಕಾರ್ಖಾನೆಯ ಮೊಕದ್ದಮೆಯಲ್ಲಿ ಕೊಟ್ಟ ತೀರ್ಪು ದೇಶದ ನಾನಾ ನ್ಯಾಯಾಲಯಗಳಲ್ಲಿ ಉಲ್ಲೇಖಗೊಂಡಿದೆ. ದಂಡದ ನೋಟೀಸು ಸಾಮಾನ್ಯವಾಗಿ ಅಚ್ಚು ಹಾಕಿದ ನಮೂನೆಯಲ್ಲಿ ಬರುತ್ತಿತ್ತು. ಬಚ್ಚಿಟ್ಟಿದ್ದೀರಿ ‘ಅಥವಾ’ ತಪ್ಪು ವಿವರ ಕೊಟ್ಟಿದ್ದೀರಿ ಎಂದು ಎರಡನ್ನೂ ಮುದ್ರಿಸಿ, ಅನ್ವಯಿಸದ ಸಾಲನ್ನು ಹೊಡೆದುಹಾಕಬೇಕೆಂದು ಸೂಚನೆ. ಹೊಡೆದುಹಾಕುವ ಶ್ರಮವನ್ನು ಎಷ್ಟೋ ಅಧಿಕಾರಿಗಳು ತೆಗೆದುಕೊಳ್ಳುತ್ತಿರಲಿಲ್ಲ. ತನ್ನ ಮೇಲಿನ ಆಪಾದನೆ ಯಾವುದೆಂದೇ ತಿಳಿಯದ ವ್ಯಾಪಾರಿ ಯಾವುದಕ್ಕೆ ಉತ್ತರ ಕೊಡಬೇಕು? ಇಂಥ ನೋಟೀಸು ನ್ಯಾಯದ ಕನಿಷ್ಠ ಅಗತ್ಯವನ್ನೂ ಪೂರೈಸದೆಂದು ನ್ಯಾಯಾಲಯ ಹೇಳಿತು. ಅದೇ ತತ್ತ್ವವನ್ನು ಅನುಸರಿಸಿದ ಮತ್ತೊಂದು ತೀರ್ಪಿನ ವಿರುದ್ಧ ಇಲಾಖೆ ಸಲ್ಲಿಸಿದ ವಿಶೇಷ ಅನುಮತಿಯ ಅರ್ಜಿಯನ್ನು ಸರ್ವೋಚ್ಚ ನ್ಯಾಯಾಲಯ 2016ರಲ್ಲಿ ವಜಾ ಮಾಡಿತು. ಅಚ್ಚಿನ ನಮೂನೆಯಲ್ಲಿ ಒಂದು ಸಾಲನ್ನು ಹೊಡೆಯದೆ ಬಿಟ್ಟ ಕಾರಣಕ್ಕೆ ಆ ಬಳಿಕ ಎಷ್ಟೋ ದಂಡಗಳು ಬಿದ್ದುಹೋದವು. ಅವುಗಳಲ್ಲಿ ನಿಜವಾದ ಕಳ್ಳಲೆಕ್ಕದವರ ದಂಡಗಳೂ ಇದ್ದವೆಂದು ಇಲಾಖೆಯವರು ಗೊಣಗಿದರೆ ಆ ಗೊಣಗಾಟವನ್ನು ಪೂರ್ತಿಯಾಗಿ ಅಲ್ಲಗಳೆಯಲಾಗದು.